ನಡುಗಡಲಿನ ನಲ್ಲಿ

ಜುಹು ವಿಮಾನ ನಿಲ್ದಾಣದಲ್ಲಿ ಹೆಲಿಕಾಪ್ಟರ್ ಹತ್ತುವ ಮುಂಚೆ ಬ್ಯಾಗಿನ ಜೊತೆ ನಮ್ಮನ್ನೂ ತೂಗುತ್ತಾರೆ. "ಸಾಫ್ಟ್‌ವೇರ್ ಬರೆಯೋರಿಗೆ ಸಮುದ್ರದಲ್ಲಿ ಏನ್ರೀ ಕೆಲಸ?" ಅಂತ ಹೆಂಡತಿ ಕೇಳಿದ್ದಳು. ತೈಲ ವೇದಿಕೆಯೊಂದರ ನಿರ್ವಹಣಾ ಕೆಲಸಗಳನ್ನು ದಾಖಲಿಸುವ ಆ್ಯಪ್ ನಮ್ಮ ತಂಡದ್ದು. ಅದು ಅಲ್ಲಿ ಹೇಗೆ ನಡೆಯುತ್ತಿದೆ ಎಂದು ನೋಡಲು ಮೂರು ದಿನಕ್ಕೆ ಹೊರಟಿದ್ದೆ.

ಬಾಂಬೆ ಹೈ ಮುಂಬೈ ತೀರದಿಂದ ಸುಮಾರು 160 ಕಿಲೋಮೀಟರ್ ದೂರ. 1974ರಲ್ಲಿ 'ಸಾಗರ್ ಸಮ್ರಾಟ್' ಇಲ್ಲಿ ಕೊರೆದಾಗ ಎಣ್ಣೆ ಸಿಕ್ಕಿತು; 1976ರಲ್ಲಿ ಉತ್ಪಾದನೆ ಶುರುವಾಯಿತು. ಮೇಲಿನಿಂದ ನೋಡಿದರೆ ನೀಲಿ ನೀರಿನಲ್ಲಿ ಕಾಲೂರಿ ನಿಂತ ಕಬ್ಬಿಣದ ಅಟ್ಟಣಿಗೆಗಳು, ನಡುವೆ ಸೇತುವೆಗಳು, ತುದಿಯಲ್ಲಿ ಹಗಲೂ ಉರಿಯುವ ಬೆಂಕಿ. ನನಗೆ ಬೆಂಕಿಯದೇ ಭಯ. ಅಲ್ಲಿ ನೀರಿನ ಉಸ್ತುವಾರಿ ನೋಡುವ ರತ್ನಾಗಿರಿಯ ತಂತ್ರಜ್ಞ ನಕ್ಕ. "ಬೆಂಕಿಯನ್ನು ಎಲ್ಲರೂ ಕಾಯ್ತಾರೆ ಸಾಹೇಬ್. ನಲ್ಲಿಯನ್ನು ಯಾರೂ ಕಾಯೋದಿಲ್ಲ."

ವೇದಿಕೆಗೆ ಸಿಹಿನೀರು ಹಡಗಿನಲ್ಲಿ ಬರುತ್ತದೆ, ಇಲ್ಲವೇ ಸಮುದ್ರದ ನೀರಿನ ಉಪ್ಪು ತೆಗೆದು ಅಲ್ಲೇ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಿದ ನೀರಿಗೆ ಕ್ಲೋರಿನ್ ಹಾಕಲೇಬೇಕು. ಇಲ್ಲದಿದ್ದರೆ ಟ್ಯಾಂಕು, ಕೊಳವೆಗಳ ಒಳಮೈಗೆ ಲೋಳೆ ಕಟ್ಟುತ್ತದೆ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವುದು ಆ ಲೋಳೆಯಲ್ಲೇ.

1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ 'ಅಮೆರಿಕನ್ ಲೀಜನ್' ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆದಾಗ ನ್ಯುಮೋನಿಯಾ ಹಬ್ಬಿ ಸುಮಾರು 30 ಜನ ಸತ್ತರು. ಕಾರಣ ತಿಳಿದದ್ದು ಮರುವರ್ಷ. ಹೆಸರು ಬಂದದ್ದು ಆ ಸಂಘದಿಂದ. ಈ ರೋಗ ಸಾಮಾನ್ಯವಾಗಿ ನೀರು ಕುಡಿದರೆ ಬರುವುದಲ್ಲ; ಶವರ್‌ನಂಥ ಕಡೆ ಏಳುವ ಸಣ್ಣ ತುಂತುರು ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಬರುತ್ತದೆ. ವಯಸ್ಸಾದವರಿಗೆ, ಸಿಗರೇಟು ಸೇದುವವರಿಗೆ, ಉಬ್ಬಸದಂಥ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ.

20ರಿಂದ 45 ಡಿಗ್ರಿ ಅದಕ್ಕೆ ಹಿತ. ಆದ್ದರಿಂದ ಬಿಸಿನೀರನ್ನು 60 ಡಿಗ್ರಿಯಲ್ಲಿ ಶೇಖರಿಸಬೇಕು, ನಲ್ಲಿಯಲ್ಲಿ ಕನಿಷ್ಠ 50 ಇರಬೇಕು. ತಣ್ಣೀರು 20ಕ್ಕಿಂತ ಕೆಳಗಿರಬೇಕು. ಅರಬ್ಬೀ ಸಮುದ್ರದ ಏಪ್ರಿಲ್‌ನಲ್ಲಿ ಅದೆಲ್ಲಿಂದ ಬರಬೇಕು? ಹಾಗಾಗಿ ಇಲ್ಲಿ ಕ್ಲೋರಿನ್ ಒಂದು ಆಸರೆ, ನೀರು ನಿಲ್ಲದಂತೆ ನೋಡಿಕೊಳ್ಳುವುದು ಇನ್ನೊಂದು. ಬಳಸದ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಬಿಟ್ಟು ಹರಿಸಬೇಕು.

ನನ್ನ ಆ್ಯಪ್‌ನಲ್ಲಿ ಎಲ್ಲ ಕೋಣೆಗಳ ಮುಂದೆಯೂ ಹಸಿರು ಗುರುತು ಇತ್ತು. ಆತ ಖಾಲಿ ಕೋಣೆಯೊಂದಕ್ಕೆ ಕರೆದೊಯ್ದು ನಲ್ಲಿ ತಿರುಗಿಸಿದ. 'ತಣ್ಣೀರು' 31 ಡಿಗ್ರಿ. ಪುಟ್ಟ ಗಾಜಿನ ಕೊಳವೆಗೆ ನೀರು ಹಿಡಿದು ಪರೀಕ್ಷೆಯ ಮಾತ್ರೆ ಹಾಕಿದ. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರಬೇಕು. ಬರಲಿಲ್ಲ.

"ಇಲ್ಲಿ ನೀರು ಹರಿಸಿದ್ದಾರೆ ಅಂತ ಇದೆಯಲ್ಲ?" ಅಂದೆ.

"ನಿಮ್ಮ 'ಎಲ್ಲ ಆಯ್ಕೆ' ಬಟನ್ ಬಹಳ ಅನುಕೂಲ ಸಾಹೇಬ್" ಅಂದ. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಹೊತ್ತು ಉಳಿಯುತ್ತದೆಂದು ಆ ಬಟನ್ ಹಾಕಿದವನೂ, ಡೆಮೊದಲ್ಲಿ ಅದಕ್ಕೇ ಶಹಬ್ಬಾಸ್‌ಗಿರಿ ಪಡೆದವನೂ ನಾನೇ.

ಅವತ್ತು ರಾತ್ರಿಯೇ ಆ ಬಟನ್ ತೆಗೆದೆ. ಈಗ ಪ್ರತಿ ನಲ್ಲಿಯ ಉಷ್ಣತೆ, ಕ್ಲೋರಿನ್ ಎರಡನ್ನೂ ತುಂಬಿದರೇ ಹಸಿರು. ಕೆಲಸ ನಿಧಾನವಾಯಿತೆಂದು ಕೆಲವರು ಬೈದರು. ಬೈಯಲಿ.

ಮೇ ತಿಂಗಳಲ್ಲಿ ಧಾರವಾಡದ ಮನೆಗೆ ಹೋದೆವು. ಐದು ತಿಂಗಳಿಂದ ಬೀಗ. ಜೊತೆಗೆ ಅಪ್ಪ: 72 ವರ್ಷ, ಹಳೇ ಉಬ್ಬಸ. ಪ್ರತಿ ಸಲ ಬಂದ ಕೂಡಲೇ ಸ್ನಾನಕ್ಕೆ ಇಳಿಯುವುದು ಅವರ ಪದ್ಧತಿ. ಈ ಸಲ ತಡೆದೆ. ಟ್ಯಾಂಕು ಖಾಲಿ ಮಾಡಿ ತೊಳೆಸಿದೆ. ಕಿಟಕಿ ತೆರೆದು, ಶವರ್ ತಲೆ ಬಿಚ್ಚಿ, ತುಂತುರು ಏಳದಂತೆ ಎಲ್ಲ ನಲ್ಲಿಗಳನ್ನೂ ಮೆಲ್ಲಗೆ ಹರಿಸಿದೆ. ಗೀಸರ್ 60ಕ್ಕೆ ಕಾಯಿಸಿದೆ.

"ಹರಿಯೋ ನೀರಿಗೆ ದೋಷ ಇಲ್ಲ ಅಂತ ನಿಮ್ಮಜ್ಜಿ ಹೇಳ್ತಿದ್ಲು. ಅದನ್ನ ಕಲಿಯೋಕೆ ನೀನು ಸಮುದ್ರಕ್ಕೆ ಹೋಗಬೇಕಾಯ್ತಾ?" ಅಂದರು ಅಪ್ಪ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಂಗಳದಲ್ಲಿ ಕಾಯುತ್ತಾ.

ಹೌದಪ್ಪ, ಅಂದೆ.