ಆಳು ಮಾಡಿದ್ದು

"ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂಬ ಗಾದೆಯನ್ನು ನಾನು ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಪಾಠ ಹೇಳುವವನಿಗೆ ಒಂದು ಧೈರ್ಯವುಂಟು: ಪರೀಕ್ಷೆ ಮುಗಿದೊಡನೆ ಹುಡುಗರು ಎಲ್ಲವನ್ನೂ ಮರೆಯುತ್ತಾರೆ. ಆದರೆ ಒಬ್ಬ ಮರೆಯಲಿಲ್ಲ. ಅದರ ಫಲವನ್ನು ಅವನೂ ಉಂಡ, ನಾನೂ ಉಂಡೆ.

ಅವನು ಶಿಡ್ಲಘಟ್ಟದ ಕಡೆಯವನು. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೇ ಹೆಸರಾದದ್ದು. ಚಿಂತಾಮಣಿಯಿಂದಲೂ ಅದರಾಚೆಯಿಂದಲೂ ರೈತರು ಗೂಡು ತರುತ್ತಾರೆ; ಊರಿನ ಬೀದಿಗಳಲ್ಲಿ ಅದು ನೂಲಾಗುತ್ತದೆ. ಬಿ.ಎ. ಮುಗಿಸಿದ ಈ ಹುಡುಗ ಸಾಲ ತೆಗೆದು ಆರು ಬೇಸಿನ್ನಿನ ಒಂದು ಪುಟ್ಟ ಘಟಕ ಹಾಕಿದ. ಸಾಲಕ್ಕೆ ಜಾಮೀನು ನಿಂತವನು ನಾನು. ಇಬ್ಬರೂ ಕೂಡಿ ಯಂತ್ರ ನೋಡಿದೆವು, ಬಾಯ್ಲರು ನೋಡಿದೆವು, ಬಡ್ಡಿಯ ಲೆಕ್ಕ ಹಾಕಿದೆವು. ಕೆಲಸದವರು? "ಸಿಕ್ತಾರೆ ಸಾರ್" ಎಂದ. ನಾನೂ ತಲೆದೂಗಿದೆ.

ಸಿಕ್ಕರು. ಅವರಲ್ಲಿ ಮೂವತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿದ ಹೆಂಗಸೊಬ್ಬರಿದ್ದರು. ಎಲ್ಲರಿಗೂ ಅವರು 'ಆಪಾ'. ಬೆಂದ ಗೂಡಿನ ಮೇಲಿನ ಜೂಟನ್ನು ತೆಗೆದು, ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದು, ಎಂಟು ಹತ್ತು ಎಳೆಗಳನ್ನು ಒಂದು ನೂಲಾಗಿ ಬಿಡುವ ಕೆಲಸ ಅವರದು. ಗೂಡಿನ ಒಳಗೆ ಹೋದಂತೆ ಎಳೆ ತೆಳುವಾಗುತ್ತದೆ. ಒಂದು ಗೂಡು ಮುಗಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದರ ತುದಿಯನ್ನು ಸೇರಿಸದಿದ್ದರೆ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಏಳೆಂಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬರುವ ವ್ಯಾಪಾರವಿದು. ಕೈ ತಪ್ಪಿದರೆ ಲಾಭವೆಲ್ಲ ಜೂಟಿನ ಗುಡ್ಡೆ ಸೇರುತ್ತದೆ.

ಒಮ್ಮೆ ಮೊಮ್ಮಗಳಿಗೆ ಜ್ವರವೆಂದು ಆಪಾ ಎರಡು ದಿನ ಬರಲಿಲ್ಲ. ಹುಡುಗ ಎರಡು ದಿನದ ಕೂಲಿ ಹಿಡಿದ. ಅದು ಸಾಲದೆ ಎಲ್ಲರೆದುರಿಗೆ ನಾಲ್ಕು ಮಾತು ಆಡಿದ. ಆಪಾ ತಿರುಗಿ ಮಾತನಾಡಲಿಲ್ಲ. ಮುಂಗಡದ ಬಾಕಿಯಿರಲಿಲ್ಲವಾದ್ದರಿಂದ ಅವರನ್ನು ಕಟ್ಟಿಹಾಕುವ ಹಗ್ಗವೂ ಇರಲಿಲ್ಲ. ಮರುದಿನ ಪಕ್ಕದ ಬೀದಿಯ ಘಟಕಕ್ಕೆ ಹೋದರು. ಅವರ ಹಿಂದೆ ಇನ್ನಿಬ್ಬರು ಹೋದರು. ಮತ್ತೊಬ್ಬ ಗೌರಿಬಿದನೂರಿನ ಕಾರ್ಖಾನೆಯೊಂದಕ್ಕೆ ಸೇರಿದ.

ಆಗ ನಮ್ಮ ಹುಡುಗನಿಗೆ ನನ್ನ ಗಾದೆ ನೆನಪಾಯಿತು. ತಾನೇ ಬೇಸಿನ್ನಿನ ಮುಂದೆ ಕುಳಿತ. ಬೆರಳು ಬೆಂದವು, ಎಳೆ ಹರಿದವು. ನೂಲಿಗೆ ಬೆಲೆ ಸಿಗಲಿಲ್ಲ. ಕೊಂಡು ತಂದ ಗೂಡಾದರೋ ಕಾಯುವುದಿಲ್ಲ; ಸಕಾಲದಲ್ಲಿ ಬೇಯಿಸಿ ಒಣಗಿಸದಿದ್ದರೆ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ. ಹಾಗೂ ಆಯಿತು. ಒಂದು ಸಂಜೆ ಮನೆಗೆ ಬಂದು, "ಸಾರ್, ಬ್ಯಾಂಕಿನಿಂದ ನಿಮಗೂ ಕಾಗದ ಬರಬಹುದು" ಎಂದ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಗಾದೆಗಳ ಮೇಲೆ ನನಗಿದ್ದ ಪ್ರೀತಿ ಅಷ್ಟು ಕಡಿಮೆಯಾದದ್ದು ಹಿಂದೆಂದೂ ಇಲ್ಲ.

ಮರುದಿನ ಇಬ್ಬರೂ ಆಪಾ ಅವರ ಮನೆಗೆ ಹೋದೆವು. ಕೂರಿಸಿ ಟೀ ಕೊಟ್ಟರು. ಲೋಟ ಹಿಡಿದ ಅವರ ಬೆರಳ ತುದಿಗಳು ಬಿಳಿಚಿ ಸುಲಿದಿದ್ದವು. ಹುಡುಗ ಕೂಲಿ ಹೆಚ್ಚಿಸುವ ಮಾತೆತ್ತಿದ. ಅವರು ನನ್ನ ಕಡೆ ತಿರುಗಿ, "ಮಿಷನ್‌ಗೆ ದುಡ್ಡು ಹಾಕಿದ್ರಿ ಮೇಷ್ಟ್ರೇ. ಕೈಗೆ ಏನು ಹಾಕಿದ್ರಿ?" ಎಂದರು. ಉತ್ತರ ನನ್ನಲ್ಲೂ ಇರಲಿಲ್ಲ.

ಅವರು ಕೇಳಿದ್ದು ಮೂರು: ಹೊಗೆ ಹೋಗಲು ದಾರಿ, ಕಾಯಿಲೆಯ ದಿನಕ್ಕೆ ಕೂಲಿ, ಕೆಲಸ ಕಲಿಯಲು ಬರುವ ಇಬ್ಬರು ಹೆಂಗಸರಿಗೆ ಕಲಿಯುವ ದಿನಗಳಲ್ಲೂ ಸಂಬಳ. ಮೂರನೆಯದು ಕೇಳಿ ಹುಡುಗ ಬೆರಗಾದ. ಅದು ಅವರಿಗಾಗಿ ಕೇಳಿದ್ದಲ್ಲವಷ್ಟೆ!

ಚಿಕ್ಕಬಳ್ಳಾಪುರಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ನೆನಪಾಯಿತು. ಅವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಬಂದವು. ಹಣ ಒದಗಿಸಿದರೆ ಸಾಲದು, ಕೆಲಸ ಬಲ್ಲ ಜನವೂ ಬೇಕೆಂದು ಅವರಿಗೆ ತಿಳಿದಿತ್ತು. ಆ ಹಳ್ಳಿಯ ನೆರೆಯಲ್ಲೇ ಪಾಠ ಹೇಳುವ ನನಗೆ ಬ್ಯಾಂಕು ಮಾತ್ರ ಕಂಡಿತ್ತು. ಈಗ ಇದಕ್ಕೆ 'ಮಾನವ ಸಂಪನ್ಮೂಲ' ಎಂಬ ದೊಡ್ಡ ಹೆಸರಿದೆ. ಆಪಾ 'ಕೈ' ಎಂದರು. ಭಾಷೆಯ ಮೇಷ್ಟರಾದ ನನಗೆ ಅವರ ಮಾತೇ ಮೇಲೆನಿಸಿತು.

ಆಪಾ ಮರಳಿ ಬಂದಿದ್ದಾರೆ. ಸಾಲ ಇನ್ನೂ ತೀರಿಲ್ಲ. ಕಂತು ಮಾತ್ರ ತಪ್ಪುತ್ತಿಲ್ಲ. ಗಾದೆಯನ್ನು ನಾನು ಈಗಲೂ ಪಾಠ ಮಾಡುತ್ತೇನೆ. ಕೊನೆಯಲ್ಲಿ, "ಹಾಳು ಮಾಡಿದವರು ಯಾರು?" ಎಂದು ಕೇಳುತ್ತೇನೆ. "ಆಳು ಸಾರ್" ಎಂದು ಹುಡುಗರು ಕೂಗುತ್ತಾರೆ. ಈ ವರ್ಷ ಶಿಡ್ಲಘಟ್ಟದಿಂದ ಬರುವ ಹುಡುಗಿಯೊಬ್ಬಳು ಮಾತ್ರ ಬಾಯಿ ತೆರೆಯಲಿಲ್ಲ. ಅವಳ ತಾಯಿಯೂ ಬೇಸಿನ್ನಿನ ಮುಂದೆ ಕೂರುವವರಂತೆ. ಅಂದು ಪೂರ್ತಿ ಅಂಕ ಕೊಡಬೇಕಾಗಿದ್ದದ್ದು ಅವಳ ಮೌನಕ್ಕೆ.