ಮೊದಲ ಸರ್ಕಿಟ್ ಬೋರ್ಡಿನ ಅಳತೆಗಳು

ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವ ನನ್ನ ಮಗಳ ಮಗನು ತನ್ನ ಮೊದಲ ಸರ್ಕಿಟ್ ಬೋರ್ಡನ್ನು ತಾನೇ ರಚಿಸಲು ತೊಡಗಿದ್ದಾನೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಕಲಿತ ನನಗೆ ಆ ವಿದ್ಯೆ ಹೊಸದು. ಆದರೂ ನಿಯಮವೆಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾರದ ಅಭ್ಯಾಸ ನಮ್ಮದು. ಕೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ನಕ್ಷೆ ಬರೆಯುವ ಮುನ್ನವೇ ತಾಮ್ರದ ಗೆರೆಯ ಅಗಲ, ಗೆರೆಗಳ ನಡುವಣ ಅಂತರ, ರಂಧ್ರದ ಗಾತ್ರಗಳನ್ನು ನಿಶ್ಚಯಿಸಿಕೊಳ್ಳಬೇಕು.

ಹುಡುಗನು ಬೋರ್ಡು ತಯಾರಿಸುವ ಕಾರ್ಖಾನೆಯೊಂದರ ಕನಿಷ್ಠ ಅಳತೆಯಾದ 0.127 ಮಿಲಿಮೀಟರನ್ನೇ ಗೆರೆಗೂ ಅಂತರಕ್ಕೂ ಇಟ್ಟುಕೊಂಡಿದ್ದನು. “ಆಗುತ್ತದೆಂದು ಅವರೇ ಹೇಳಿದ್ದಾರಲ್ಲ ಅಜ್ಜಾ” ಎಂದನು. ಅದು ಕಾರ್ಖಾನೆಯ ಸಾಮರ್ಥ್ಯದ ಎಲ್ಲೆ. ಕಲಿಯುವವನು ಆ ಎಲ್ಲೆಯ ಮೇಲೆಯೇ ಏಕೆ ನಿಲ್ಲಬೇಕು? ತಾಮ್ರದ ಪದರವು ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. ಬೇಡದ ತಾಮ್ರವನ್ನು ದ್ರಾವಣದಲ್ಲಿ ಕರಗಿಸುವಾಗ ಗೆರೆಯ ಮಗ್ಗುಲೂ ತುಸು ಕರಗುತ್ತದೆ. ರಂಧ್ರ ಕೊರೆಯುವಾಗಲೂ ಕೂದಲೆಳೆಯಷ್ಟು ಅತ್ತಿತ್ತ ಆಗುವುದುಂಟು. ಮೇಲಾಗಿ, ಹೊಸಬನು ಬೆಸುಗೆಯ ಕಡ್ಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಸಣ್ಣ ಗೆರೆ ಮೇಲೆದ್ದು ಬರುತ್ತದೆ.

ಇಬ್ಬರೂ ಕುಳಿತು ಅಳತೆಗಳನ್ನು ಬದಲಿಸಿದೆವು. ಸಂಕೇತದ ಗೆರೆಗೆ 0.25, ಅಂತರಕ್ಕೂ 0.25 ಮಿಲಿಮೀಟರು. ವಿದ್ಯುತ್ತು ಪೂರೈಸುವ ಗೆರೆಗೆ 1 ಮಿಲಿಮೀಟರು. ಅದು 1 ಆಂಪಿಯರನ್ನು ನಿರಾಯಾಸವಾಗಿ ಹೊರುತ್ತದೆ. ಎರಡು ಪದರಗಳನ್ನು ಕೂಡಿಸುವ ರಂಧ್ರ 0.4, ಅದರ ತಾಮ್ರದ ಬಿಲ್ಲೆ 0.8. ಆಗ ಸುತ್ತಲೂ 0.2ರ ಬಳೆ ಉಳಿಯುತ್ತದೆ, ರಂಧ್ರವು 0.1ರಷ್ಟು ಸರಿದರೂ ಬಳೆ ಹರಿಯದು. ಬೋರ್ಡಿನ ಅಂಚಿನಿಂದ 0.5 ದೂರ.

ಜಾಗ ಸಾಲದೆಂದು ಅವನಿಗೆ ಅಳುಕು. ಲೆಕ್ಕ ಹಾಕಿದೆವು. ಅವನ ಐಸಿಯ ಕಾಲುಗಳ ನಡುವೆ 2.54 ಮಿಲಿಮೀಟರು, ಬಿಲ್ಲೆಗಳು 1.6 ಆದರೆ ಉಳಿಯುವ ತೆರಪು 0.94. ಒಂದು ಗೆರೆ, ಎರಡು ಬದಿಯ ಅಂತರ ಸೇರಿ 0.75. ಸಲೀಸಾಗಿ ಹಿಡಿಸಿತು!

ಒಂದು ಮಾತಿಗೆ ಮಾತ್ರ ನಾನು ಒಪ್ಪಲಿಲ್ಲ. ದೀಪ ಹೊತ್ತಿಸಲೆಂದು ಮನೆಯ 230 ವೋಲ್ಟನ್ನೂ ಅದೇ ಬೋರ್ಡಿಗೆ ತರಬೇಕೆಂದಿದ್ದನು. 0.25ರ ಅಂತರವು 5 ವೋಲ್ಟಿಗೆ ಸಾಕು. ಮನೆಯ ವಿದ್ಯುತ್ತಿಗೆ ಹಲವು ಮಿಲಿಮೀಟರುಗಳ ಅಂತರ, ಮುಚ್ಚಿದ ಪೆಟ್ಟಿಗೆ, ಬಲ್ಲವರ ಕಣ್ಣು ಎಲ್ಲವೂ ಬೇಕು. ಆ ಮೇಜಿನ ಬಳಿ ಅವನ ಪುಟ್ಟ ತಂಗಿಯೂ ಸುಳಿದಾಡುತ್ತಾಳೆ. ಒಂದು ದಿನ ಮುನಿಸಿಕೊಂಡಿದ್ದು, ಮೊಬೈಲ್ ಅಡಾಪ್ಟರಿನ 5 ವೋಲ್ಟಿಗೆ ಒಪ್ಪಿದನು.

ನಿನ್ನೆ ತಂತ್ರಾಂಶದ ಪರೀಕ್ಷೆಯಲ್ಲಿ ಮೂರು ದೋಷಗಳು ಕಂಡವು. ಆ ಪರೀಕ್ಷೆ ಅಂತರಗಳನ್ನು ನೋಡುತ್ತದೆಯೇ ಹೊರತು ಸರ್ಕಿಟ್ಟಿನ ವಿಚಾರ ಸರಿಯೇ ಎಂಬುದನ್ನಲ್ಲ. ಅದನ್ನು ಅವನ ಗುರುಗಳು ನೋಡಿದ ಬಳಿಕವೇ ನಕ್ಷೆ ಕಾರ್ಖಾನೆಗೆ ಹೋಗಲಿದೆ.