ಹೊಂಬಣ್ಣದ ಆಮಂತ್ರಣ

ಊರಿನ ವಿದ್ಯಾರ್ಥಿನಿಲಯವೊಂದರ ಸುವರ್ಣ ಮಹೋತ್ಸವದ ಆಮಂತ್ರಣವು ಕಾಗದದಲ್ಲಿ ಅಚ್ಚಾಗದೆ ನೇರವಾಗಿ ವಾಟ್ಸ್ಆಪ್ ಮೂಲಕ ಮನೆಮನೆಗೆ ತಲುಪಿತು. ಕೆನೆಬಣ್ಣದ ಹಿನ್ನೆಲೆ, ಅದರ ಮೇಲೆ ಹೊಂಬಣ್ಣದ ಬಳುಕುವ ಅಕ್ಷರಗಳು, ನಾಲ್ಕು ಮೂಲೆಗಳಲ್ಲಿಯೂ ಮಿನುಗುವ ದೀಪಗಳು. ರಚಿಸಿದ ತರುಣನು ಎರಡು ರಾತ್ರಿ ನಿದ್ದೆಗೆಟ್ಟಿದ್ದನು. ನೋಡಿದವರೆಲ್ಲರೂ ಮೆಚ್ಚಿದರು. ಆ ನಿಲಯದಲ್ಲಿ ದೀರ್ಘಕಾಲ ಮೇಲ್ವಿಚಾರಕರಾಗಿದ್ದ ವೃದ್ಧ ಅಧ್ಯಾಪಕರು ಮಾತ್ರ ಸಮಾರಂಭಕ್ಕೆ ಬರಲಿಲ್ಲ.

ಮುನಿಸಿಕೊಂಡಿರಬಹುದೆಂದು ಕೆಲವರು ಊಹಿಸಿದರು. ಮರುದಿನ ತರುಣನು ಅವರ ಮನೆಗೆ ಹೋದಾಗ ನಿಜಸಂಗತಿ ತಿಳಿಯಿತು. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡಿದ್ದ ಅವರು, ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಫೋನಿನ ಸೌಲಭ್ಯವನ್ನು ಇಳಿವಯಸ್ಸಿನಲ್ಲಿ ಶ್ರಮಪಟ್ಟು ಕಲಿತಿದ್ದರು. ಆಮಂತ್ರಣ ಬಂದಾಗ ಫೋನು ಕಳುಹಿಸಿದವರ ಹೆಸರನ್ನು ಹೇಳಿ, "ಫೋಟೊ" ಎಂದು ಸುಮ್ಮನಾಯಿತು. ದಿನವೂ ಹತ್ತಾರು ಶುಭೋದಯದ ಚಿತ್ರಗಳು ಬರುತ್ತವೆ. ಇದೂ ಅಂತಹುದೇ ಎಂದು ಅವರು ಬದಿಗೆ ಸರಿಸಿದ್ದರು. "ನನ್ನನ್ನು ಕರೆದೇ ಇಲ್ಲವೆಂದು ತಿಳಿದೆನಪ್ಪಾ" ಎಂದಷ್ಟೇ ಹೇಳಿದರು. ಬಾಲ್ಯದಲ್ಲಿ ಆ ತರುಣನ ಅಕ್ಷರ ದುಂಡಗಾಗುವವರೆಗೂ ತಿದ್ದಿಸಿದವರು ಇವರೇ.

ತರುಣನನ್ನು ದೂಷಿಸುವುದು ಸುಲಭ. ಆದರೆ "ಇನ್ನಷ್ಟು ಮೆರುಗು ಬರಲಿ" ಎಂದು ಮೂರು ಬಾರಿ ಹಿಂದಿರುಗಿಸಿದವರು ಸಮಿತಿಯ ಹಿರಿಯರು. ಅವರಲ್ಲಿ ಅನೇಕರಿಗೂ ಆ ಅಕ್ಷರಗಳು ಕಾಣಿಸಿರಲಿಲ್ಲ. ಕನ್ನಡಕದ ನೆಪ ಹೇಳಿ ಮೊಮ್ಮಕ್ಕಳಿಂದ ಓದಿಸಿಕೊಂಡಿದ್ದರು.

ಈ ವಿಷಯದಲ್ಲಿ ನಿಶ್ಚಿತವಾದ ಅಳತೆಗಳೇ ಇವೆ. 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಂತರ್ಜಾಲ ಮಾರ್ಗಸೂಚಿಯ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸವು ಕನಿಷ್ಠ 4.5ಕ್ಕೆ 1ರ ಪ್ರಮಾಣದಲ್ಲಿರಬೇಕು. ದೊಡ್ಡ ಗಾತ್ರದ ಅಕ್ಷರಗಳಿಗೆ 3ಕ್ಕೆ 1 ಸಾಕು. ಬಿಳಿಯ ಮೇಲೆ ಕಪ್ಪಿಗೆ ಈ ಪ್ರಮಾಣ 21. ಕೆನೆಬಣ್ಣದ ಮೇಲಿನ ಹೊನ್ನಿಗೆ ಎರಡೂ ದೊರೆಯುವುದು ಕಷ್ಟ. ಮಿನುಗುವಿಕೆಯು ಸೆಕೆಂಡಿಗೆ ಮೂರು ಬಾರಿಯನ್ನು ಮೀರಬಾರದೆಂಬ ನಿಯಮವೂ ಅಲ್ಲಿದೆ. ಅದು ನಿಷ್ಕಾರಣವಾದುದಲ್ಲ: 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಮಕ್ಕಳ ವ್ಯಂಗ್ಯಚಿತ್ರ ಧಾರಾವಾಹಿಯೊಂದರ ಕೆಂಪು-ನೀಲಿ ಮಿಂಚುಗಳನ್ನು ನೋಡಿ 600ಕ್ಕೂ ಹೆಚ್ಚು ಜನರು, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಬರಹವು ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ, ಯಂತ್ರದ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಲು ಹೊಸ ಫೋನುಗಳು ಯತ್ನಿಸುತ್ತವೆ. ಬಳುಕುವ ಲಿಪಿಯ ಒತ್ತಕ್ಷರಗಳಲ್ಲಿ ಎಡವುತ್ತವೆ.

ಹಾಗೆಂದು ಅಲಂಕಾರವನ್ನೇ ಬಿಡಬೇಕಾಗಿಲ್ಲ. ಮುಂದಿನ ಸಮಾರಂಭಕ್ಕೆ ತರುಣನು ಹೊನ್ನಿನ ಅಂಚನ್ನು ಹಾಗೆಯೇ ಉಳಿಸಿಕೊಂಡನು. ಅಕ್ಷರಗಳನ್ನು ಕಡುಗಂದು ಮಾಡಿ, ದೀಪಗಳನ್ನು ನಿಶ್ಚಲವಾಗಿಸಿ, ದಿನ, ವೇಳೆ, ಸ್ಥಳಗಳನ್ನು ಚಿತ್ರದ ಕೆಳಗೆ ಸಾದಾ ಬರಹದಲ್ಲಿಯೂ ಸೇರಿಸಿದನು. ಇದಕ್ಕೆ ಹಿಡಿದದ್ದು ಹತ್ತು ನಿಮಿಷ. ಸಮಿತಿಗೂ ಮೊದಲು ಅದನ್ನು ಅಧ್ಯಾಪಕರಿಗೆ ಕಳುಹಿಸಿದನು. ಅವರು ಎರಡು ಸಲ ಕೇಳಿಸಿಕೊಂಡು ಫೋನು ಮಾಡಿದರು. "ಎಲ್ಲ ಸರಿಯಿದೆ. 'ಬೆ. 10' ಎಂದು ಬರೆದಿದ್ದೀಯಲ್ಲ, ಅದನ್ನು 'ಬೆಳಿಗ್ಗೆ 10 ಗಂಟೆಗೆ' ಎಂದು ಪೂರ್ತಿಯಾಗಿ ಬರೆ."